ಹೊಸ ಹುಡುಗನ ಕೈಯಲ್ಲಿ ಸ್ವಿಚ್ಚು

ಹೋದ ಸೆಪ್ಟೆಂಬರ್‌ನಲ್ಲಿ ಒಂದು ರಾತ್ರಿ ಒಂಬತ್ತೂವರೆಗೆ ಬರ್ಲಿನ್‌ನಿಂದ ಫೋನು ಬಂತು. ಅಲ್ಲಿ ಆಗ ಸಂಜೆ ಆರು ಗಂಟೆ. ಮಾತಾಡಿದವನು ಇಪ್ಪತ್ತು ಚಿಲ್ಲರೆ ವರ್ಷದ ಹಿಂದೆ ನನ್ನ ತರಗತಿಯಲ್ಲಿ ಕೂತಿದ್ದ ಹುಡುಗ, ದೊಡ್ಡಬಳ್ಳಾಪುರ ತಾಲ್ಲೂಕಿನ ರೈತರ ಮಗ. ಈಗ ಎಂಜಿನಿಯರು. ಜುಲೈನಲ್ಲಿ ಹೆಂಡತಿ ಮತ್ತು ಒಂಬತ್ತು ವರ್ಷದ ಮಗಳನ್ನು ಕರೆದುಕೊಂಡು ಅಲ್ಲಿಗೆ ಹೋಗಿದ್ದಾನೆ. ಕ್ಷೇಮಸಮಾಚಾರ ಮುಗಿದ ಮೇಲೆ ದನಿ ತಗ್ಗಿಸಿ ಹೇಳಿದ: “ಸಾರ್, ಮಗಳು ಸ್ಕೂಲಿನಲ್ಲಿ ಮೂರು ವಾರದಿಂದ ಬಾಯೇ ಬಿಟ್ಟಿಲ್ಲವಂತೆ. ಊರಲ್ಲಿದ್ದಾಗ ಅವಳ ಬಾಯಿ ಮುಚ್ಚಿಸೋದೇ ಕಷ್ಟವಾಗಿತ್ತು. ಈಗ ಭಾನುವಾರ ಸಂಜೆಯಾದರೆ ‘ನಾಳೆ ರಜವಾ ಅಪ್ಪಾ’ ಅಂತ ಕೇಳ್ತಾಳೆ. ಏನು ಮಾಡಲಿ ಸಾರ್?”

ಜರ್ಮನಿಯನ್ನು ನಾನು ಭೂಪಟದಲ್ಲಿ ಬಿಟ್ಟರೆ ಬೇರೆಲ್ಲೂ ಕಂಡವನಲ್ಲ. ಆದರೆ ಅವನು ಹೇಳಿದಂಥ ಮಗುವನ್ನು ಕಂಡಿದ್ದೇನೆ. ಅದು ನಮ್ಮ ಶಾಲೆಯ ಕಡೆಯ ಬೆಂಚಿನಲ್ಲೇ ಕೂತಿತ್ತು.

ದೊಡ್ಡಬಳ್ಳಾಪುರದ ಮಗ್ಗಗಳು, ಬಾಶೆಟ್ಟಿಹಳ್ಳಿಯ ಕಾರ್ಖಾನೆಗಳು, 2008ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ದೇವನಹಳ್ಳಿಯ ಸುತ್ತ ಏಳುತ್ತಲೇ ಇರುವ ಕಟ್ಟಡಗಳು, ಹೊಸಕೋಟೆ ಕಡೆಯ ಇಟ್ಟಿಗೆ ಗೂಡುಗಳು, ನೆಲಮಂಗಲದ ಗೋಡೌನುಗಳು. ಇವುಗಳ ಕೆಲಸಕ್ಕೆ ಬಿಹಾರ, ಒಡಿಶಾ, ಅಸ್ಸಾಂ, ನೇಪಾಳಗಳಿಂದ ಜನ ಬರುತ್ತಾರೆ. ಅವರ ಹಿಂದೆ ಮಕ್ಕಳೂ ಬರುತ್ತವೆ. ಬಿಹಾರದ ಹಳ್ಳಿಯ ಮಗುವಿಗೆ ನಮ್ಮ ಊರು, ನಮ್ಮ ಊರಿನ ಮಗುವಿಗೆ ಬರ್ಲಿನ್ ಎಷ್ಟು ಪರದೇಶವೋ ಅಷ್ಟೇ ಪರದೇಶ.

ಕೆಲವು ವರ್ಷಗಳ ಹಿಂದೆ ಅಂಥ ಒಬ್ಬ ಹುಡುಗ ಜುಲೈನಲ್ಲಿ ಆರನೆಯ ತರಗತಿಗೆ ಸೇರಿದ. ಮೊದಲ ದಿನವೇ ನಾನು ಅವನನ್ನು ಎಲ್ಲರೆದುರು ನಿಲ್ಲಿಸಿ, ಹೆಸರು, ಊರು ಹೇಳು ಎಂದೆ. ಅವನು ಹೇಳಿದ್ದು ಯಾರಿಗೂ ಸರಿಯಾಗಿ ಕೇಳಿಸಲಿಲ್ಲ. ಹಿಂದಿನ ಸಾಲಿನಲ್ಲಿ ನಗು. ಮಾರನೆಯ ದಿನದಿಂದ ಅವನು ಎಲ್ಲರಿಗೂ ‘ಬಿಹಾರಿ’ಯಾದ. ಹುಡುಗರು ಹಾಗೆ ಕರೆದದ್ದಿರಲಿ, ನಾನೂ ಹಾಗೇ ಕರೆದೆ. ಪ್ರಶ್ನೆ ಕೇಳಿದರೆ ಸುಮ್ಮನೆ ನಿಲ್ಲುತ್ತಿದ್ದ. ಇವನಿಗೆ ತಲೆಗೆ ಹತ್ತುವುದಿಲ್ಲ ಎಂದು ನಾನು ತೀರ್ಮಾನಿಸಿಬಿಟ್ಟೆ. ದಸರಾ ರಜೆ ಮುಗಿದ ಮೇಲೆ ಅವನು ಬರಲಿಲ್ಲ. ಕೆಲಸ ಮುಗಿದು ಆ ಸಂಸಾರ ಬೇರೆ ಕಡೆ ಹೋಯಿತೆಂದರು. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಮಾರ್ಚ್‌ವರೆಗೂ ಗೈರುಹಾಜರಿಯ ಗುರುತು ಹಾಕುತ್ತಾ ಹೋದೆ. ಆ ಹೆಸರನ್ನು ಬಾಯಿ ತುಂಬ ಒಂದು ಸಲವೂ ಕರೆದಿರಲಿಲ್ಲ ಎಂಬುದು ಆಗ ಹೊಳೆಯಿತು.

ಆಮೇಲೆ ತಿಳಿದದ್ದೆಂದರೆ, ಹೊಸ ಭಾಷೆಯ ನಡುವೆ ಬಿದ್ದ ಮಗು ಕೆಲವು ವಾರ, ಕೆಲವೊಮ್ಮೆ ತಿಂಗಳುಗಟ್ಟಲೆ ಮಾತಾಡದೆ ಇರುವುದು ಸಾಮಾನ್ಯ. ಅದು ಸುಮ್ಮನಿದ್ದರೂ ಅದರ ಕಿವಿ ಸುಮ್ಮನಿರುವುದಿಲ್ಲ. ಕೆನಡಾದ ಶಿಕ್ಷಣತಜ್ಞ ಜಿಮ್ ಕಮಿನ್ಸ್ 1980ರ ಸುಮಾರಿಗೇ ಇದನ್ನು ವಿವರಿಸಿದ್ದಾರೆ: ಆಟದ ಬಯಲಿಗೆ ಸಾಲುವಷ್ಟು ಹೊಸ ಭಾಷೆ ಮಕ್ಕಳಿಗೆ ಒಂದೆರಡು ವರ್ಷದಲ್ಲಿ ಬರುತ್ತದೆ. ಪಾಠಪುಸ್ತಕದ ಭಾಷೆಯಲ್ಲಿ ಸಹಪಾಠಿಗಳ ಸಮಕ್ಕೆ ನಿಲ್ಲಲು ಐದರಿಂದ ಏಳು ವರ್ಷ ಬೇಕಾಗಬಹುದು. ನಾನು ಆ ಹುಡುಗನಿಗೆ ಕೊಟ್ಟದ್ದು ಮೂರು ತಿಂಗಳು.

ಮುಂದೆ ಇನ್ನೊಬ್ಬ ಬಂದ. ಅವನೂ ಬಿಹಾರದವನೇ. ಈ ಸಲ ಅವನನ್ನು ಎದುರು ನಿಲ್ಲಿಸಲಿಲ್ಲ. ಅವನ ತಾಯಿಯ ಹತ್ತಿರ ಹೆಸರನ್ನು ಎರಡು ಸಲ ಹೇಳಿಸಿಕೊಂಡು ಕಲಿತೆ. ಉರ್ದು ಮನೆಮಾತಿನ ಒಬ್ಬ ಹುಡುಗನ ಪಕ್ಕ ಕೂರಿಸಿದೆ. ಇಬ್ಬರಿಗೂ ಅರ್ಧಂಬರ್ಧ ಅರ್ಥವಾಗುತ್ತಿತ್ತು. ವಿದ್ಯುತ್ ಮಂಡಲದ ಪಾಠ ಬಂದಾಗ ನಾಲ್ಕು ನಾಲ್ಕು ಜನರ ಗುಂಪು ಮಾಡಿದೆ. ಒಬ್ಬನ ಕೈಗೆ ಸೆಲ್ಲು, ಒಬ್ಬಳ ಕೈಗೆ ತಂತಿ, ಇನ್ನೊಬ್ಬಳ ಕೈಗೆ ಬಲ್ಬು, ಹೊಸ ಹುಡುಗನ ಕೈಗೆ ಸ್ವಿಚ್ಚು. ಅವರವರ ಸಾಮಾನನ್ನು ಅವರವರೇ ಜೋಡಿಸಬೇಕು, ಬೇರೆಯವರು ಮುಟ್ಟುವಂತಿಲ್ಲ ಎಂದೆ. ಅವನನ್ನು ಬಿಟ್ಟು ಆ ಗುಂಪಿನ ಬಲ್ಬು ಹತ್ತುವ ಹಾಗೇ ಇರಲಿಲ್ಲ. “ಹಾಕೋ, ಹಾಕೋ” ಎಂದು ಮೂವರೂ ಕೂಗಿದರು. ಅವನು ಒತ್ತಿದ. ಬಲ್ಬು ಹತ್ತಿತು. ಅವನು ಕಲಿತ ಮೊದಲ ಕನ್ನಡ ಪದ ‘ಹಾಕೋ’.

ಇದೇನು ನನ್ನ ಸ್ವಂತ ಬುದ್ಧಿಯಲ್ಲ. ಅಮೆರಿಕದ ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ಬಿಳಿಯ, ಕರಿಯ ಮತ್ತು ಮೆಕ್ಸಿಕೊ ಮೂಲದ ಮಕ್ಕಳನ್ನು ಹೊಸದಾಗಿ ಒಂದೇ ತರಗತಿಯಲ್ಲಿ ಕೂರಿಸಿದಾಗ ಜಗಳಗಳಾದವು. 1971ರಲ್ಲಿ ಮನೋವಿಜ್ಞಾನಿ ಎಲಿಯಟ್ ಆರನ್ಸನ್ ಮತ್ತು ಅವರ ಶಿಷ್ಯರು ಅಲ್ಲಿ ಒಂದು ಉಪಾಯ ಹೂಡಿದರು. ಪಾಠವನ್ನು ತುಂಡು ಮಾಡಿ ಗುಂಪಿನ ಪ್ರತಿ ಮಗುವಿಗೂ ಒಂದೊಂದು ತುಂಡು ಕೊಟ್ಟರು. ಎಲ್ಲರ ತುಂಡು ಸೇರಿದರೆ ಮಾತ್ರ ಪಾಠ ಪೂರ್ತಿ. ಆಗ ತಡವರಿಸುವ ಮಗುವನ್ನು ಅಣಕಿಸಿದರೆ ನಷ್ಟ ಅಣಕಿಸಿದವರಿಗೇ. ‘ಎಲ್ಲರೂ ಸ್ನೇಹದಿಂದಿರಿ’ ಎಂದು ನಾವು ಮೇಷ್ಟ್ರುಗಳು ವರ್ಷವಿಡೀ ಬೋಧಿಸಿದರೂ ಆಗದ ಕೆಲಸ, ಮಕ್ಕಳು ಒಬ್ಬರಿಗೊಬ್ಬರು ಬೇಕಾಗುವಂತೆ ಮಾಡಿದರೆ ಆಗುತ್ತದೆ.

ಸ್ವಿಚ್ಚಿನ ನಂತರದ್ದನ್ನು ಮಕ್ಕಳೇ ನೋಡಿಕೊಂಡರು. ಬಿಸಿಯೂಟ ಮುಗಿಸಿ ಲಗೋರಿ ಆಡುತ್ತಿದ್ದಾಗ ಆ ಹುಡುಗ ದೂರದಿಂದಲೇ “ಪಿಟ್ಟೂ! ಪಿಟ್ಟೂ!” ಎಂದು ಕೂಗಿದನಂತೆ. ಅವರ ಕಡೆ ಲಗೋರಿಗೆ ಪಿಟ್ಟೂ ಎನ್ನುತ್ತಾರೆ. ಗುರಿ ನೋಡಿದ ಮೇಲೆ ಎರಡೂ ಕಡೆಯವರು ಅವನು ತಮಗೇ ಬೇಕೆಂದು ಜಗಳವಾಡಿದರು.

ಬರ್ಲಿನ್‌ಗೆ ನಾನು ಹೇಳಿದ್ದೂ ಇಷ್ಟೇ. “ನಿಮ್ಮಪ್ಪ ರಾಗಿ ಪೈರು ನಾಟಿ ಮಾಡ್ತಿದ್ದದ್ದು ನೆನಪಿದೆಯೇನಪ್ಪಾ? ನೆಟ್ಟ ಮಾರನೇ ದಿನ ಪೈರು ಹೇಗಿರುತ್ತಿತ್ತು?” “ತಲೆ ಬಗ್ಗಿಸಿಬಿಡ್ತಿತ್ತು ಸಾರ್.” ಕಿತ್ತಾಗ ಬೇರುರೋಮಗಳು ಹರಿದುಹೋಗಿರುತ್ತವೆ. ನೀರು ಹೀರುವುದೇ ಅವು. ಎಲೆ ನೀರನ್ನು ಹೊರಗೆ ಬಿಡುತ್ತಲೇ ಇರುತ್ತದೆ, ಬೇರಿಗೆ ಅಷ್ಟು ಎಳೆಯುವ ಶಕ್ತಿ ಇರುವುದಿಲ್ಲ. ಹೊಸ ರೋಮ ಬರುವ ತನಕ ಪೈರು ಬಾಡಿದ ಹಾಗೆ ಕಾಣುತ್ತದೆ. ಆಗ ಯಾವ ರೈತನೂ ಬೇರು ಹಿಡಿಯಿತೋ ಇಲ್ಲವೋ ಎಂದು ಕಿತ್ತು ನೋಡುವುದಿಲ್ಲ, ತೇವ ಆರದಂತೆ ನೋಡಿಕೊಳ್ಳುತ್ತಾನೆ.

ದಿನಾ ಸಂಜೆ ‘ಇವತ್ತು ಮಾತಾಡಿದೆಯಾ’ ಎಂದು ಕೇಳುವುದು ಪೈರು ಕಿತ್ತು ನೋಡಿದ ಹಾಗೆ. ಅದರ ಬದಲು ‘ಊಟಕ್ಕೆ ಪಕ್ಕದಲ್ಲಿ ಯಾರು ಕೂತಿದ್ದರು’ ಎಂದು ಕೇಳಬಹುದು. ಆ ಊರಿನ ಭಾಷೆಯಲ್ಲಿ ‘ನಾನೂ ಆಟಕ್ಕೆ ಬರಲಾ’, ‘ಇದಕ್ಕೆ ಏನಂತಾರೆ’, ‘ಶೌಚಾಲಯ ಎಲ್ಲಿ’ ಎಂಬ ಮೂರು ಮಾತನ್ನು ಮನೆಯಲ್ಲಿ ಆಟದಂತೆ ಕಲಿಸಬೇಕು. ಹತ್ತು ಗೆಳತಿಯರು ಬೇಡ, ಒಬ್ಬಳು ಸಾಕು. ತಂದೆ ತಾಯಿಯೇ ಮೊದಲು ಪಕ್ಕದ ಮನೆಯವರ ಜೊತೆ ನಾಲ್ಕು ಮಾತಾಡಿ ಒಂದು ಶನಿವಾರ ಆ ಮಗುವನ್ನು ಮನೆಗೆ ಕರೆಯಬೇಕು. ಬೇಗ ಕಲಿಯಲಿ ಎಂದು ಮನೆಯಲ್ಲಿ ಕನ್ನಡ ನಿಲ್ಲಿಸುವುದಂತೂ ಕೂಡದು. ದಿನವಿಡೀ ಮೂಕಳಾಗಿದ್ದ ಮಗುವಿಗೆ ಮನೆಯಲ್ಲಾದರೂ ಬಾಯಿ ಬೇಕಲ್ಲ! ವಾರಗಟ್ಟಲೆ ಊಟ ನಿದ್ದೆ ಕೆಟ್ಟರೆ, ಸೋಮವಾರ ಬಂತೆಂದರೆ ಹೊಟ್ಟೆನೋವು ಬಂದರೆ, ಯಾರೋ ಕಾಡುತ್ತಿದ್ದಾರೆ ಎಂಬ ಗುಮಾನಿ ಹುಟ್ಟಿದರೆ, ಆಗ ಕಾಯಬಾರದು. ಟೀಚರನ್ನೂ ವೈದ್ಯರನ್ನೂ ಕಾಣಬೇಕು.

ಬರ್ಲಿನ್ ಶಾಲೆಗಳಲ್ಲಿ ಜರ್ಮನ್ ಬಾರದ ಮಕ್ಕಳಿಗೆಂದೇ ಸ್ವಾಗತ ತರಗತಿಗಳಿವೆ. ಮಗಳನ್ನೂ ಅದರಲ್ಲೇ ಕೂರಿಸಿದ್ದರು. ನಮ್ಮಲ್ಲೂ ಕಾನೂನು ಕೈಕಟ್ಟಿ ಕೂತಿಲ್ಲ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಆರರಿಂದ ಹದಿನಾಲ್ಕು ವರ್ಷದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು, ಹಿಂದುಳಿದಿದ್ದರೆ ವಿಶೇಷ ತರಬೇತಿ ಕೊಡಬೇಕು. ವರ್ಗಾವಣೆ ಪತ್ರ ಇಲ್ಲ, ಜನನ ಪತ್ರ ಇಲ್ಲ ಎಂದು ವಾಪಸ್ ಕಳಿಸುವಂತಿಲ್ಲ. ಆದರೆ ಕಾಯ್ದೆ ಮಗುವನ್ನು ಶಾಲೆಯ ಬಾಗಿಲು ದಾಟಿಸೀತು. ಪಕ್ಕದಲ್ಲಿ ಕೂತವರು ಸ್ವಲ್ಪ ಸರಿದು ಜಾಗ ಬಿಡುವ ಹಾಗೆ ಮಾಡುವುದು ನಮ್ಮ ಕೆಲಸ.

ಡಿಸೆಂಬರ್‌ನಲ್ಲಿ ಮತ್ತೆ ಫೋನು ಬಂತು. ಅಕ್ಟೋಬರ್‌ನಲ್ಲಿ ಒಂದು ದಿನ ಮಗಳು ಮನೆಯ ಮುಂದೆ ಸೀಮೆಸುಣ್ಣದಲ್ಲಿ ಕುಂಟೆಬಿಲ್ಲೆಯ ಮನೆ ಬರೆದಳಂತೆ. ಅಲ್ಲಿಯ ಮಕ್ಕಳೂ ಆ ಆಟ ಆಡುತ್ತಾರೆ, ಹೆಸರು ಮಾತ್ರ ‘ಸ್ವರ್ಗ ಮತ್ತು ನರಕ’. ಸಿರಿಯಾದಿಂದ ಬಂದ ಒಬ್ಬ ಹುಡುಗಿ ನಿಂತು ನೋಡಿ, ತಾನೂ ಒಂದು ಬಿಲ್ಲೆ ಹುಡುಕಿ ತಂದಳಂತೆ. “ಇಬ್ಬರದೂ ಹರುಕು ಮುರುಕು ಜರ್ಮನ್ ಸಾರ್, ಆದರೂ ಜಗಳ ಮಾತ್ರ ಜೋರಾಗಿ ಆಡ್ತಾರೆ” ಎಂದ. ಜಗಳ ಶುರುವಾಯಿತೆಂದರೆ ಬೇರು ಹಿಡಿಯಿತು ಎಂದೇ ಲೆಕ್ಕ.

ಈಗ ಹೊಸ ಮಗು ಬಂದಾಗಲೆಲ್ಲ ಹೆಸರು ಬರೆಯುವ ಮೊದಲು ಅದನ್ನು ಕರೆದು ನೋಡುತ್ತೇನೆ. ತಪ್ಪಿದರೆ ತಿದ್ದು ಎನ್ನುತ್ತೇನೆ. ಮೇಷ್ಟ್ರನ್ನು ತಿದ್ದುವ ಸಂತೋಷಕ್ಕೆ ಕೆಲವು ಮಕ್ಕಳು ಅಲ್ಲೇ ಬಾಯಿ ಬಿಡುತ್ತವೆ. ಆ ಮೊದಲ ಹುಡುಗನ ಹೆಸರೂ ನನಗೀಗ ಸರಿಯಾಗಿ ಬರುತ್ತದೆ. ಕರೆಯೋಣವೆಂದರೆ ಅವನು ಎಲ್ಲಿದ್ದಾನೋ.