ಕಟ್ಟು ಬಿಚ್ಚುವ ಕಾಯಕ



2022ರ ಸೆಪ್ಟೆಂಬರ್‌ನಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ ಕೋಡಿ ಬಿದ್ದಾಗ ನಾಲ್ಕೂ ತಾಲ್ಲೂಕಿನ ಜನ ಬಾಗಿನ ಹಿಡಿದು ಮಾರಿಕಣಿವೆಗೆ ಹೋದರು. 1933ರ ನಂತರ, 89 ವರ್ಷಕ್ಕೆ ಕೋಡಿ ಬಿತ್ತು ಎಂದು ಎಲ್ಲರ ಬಾಯಲ್ಲೂ ಅದೇ ಮಾತು. ಆ 1933ರ ಲೆಕ್ಕ ನಮಗೆ ಎಲ್ಲಿಂದ ಬಂತು? ಅಂದು ಕೋಡಿ ಕಂಡವರು ಬಹುಪಾಲು ಲಿಂಗೈಕ್ಯರಾಗಿದ್ದಾರೆ. ಅಣೆಕಟ್ಟೆಯ ಮೇಲೆ ನಿಂತು ನೀರಿನ ಮಟ್ಟ ನೋಡಿ ರಿಜಿಸ್ಟರಿನಲ್ಲಿ ಬರೆದಿಟ್ಟ ನೌಕರರ ಕೈಬರಹದಿಂದ ಬಂತು. ಅವರ ಹೆಸರು ಯಾರಿಗೂ ಗೊತ್ತಿಲ್ಲ. ಅವರು ಬರೆಯದೇ ಹೋಗಿದ್ದರೆ ನಾವು “ಯಾವುದೋ ಕಾಲದಲ್ಲಿ ಬಿದ್ದಿತ್ತಂತೆ” ಎನ್ನಬೇಕಿತ್ತು.

ಸರ್ಕಾರಿ ಎಂಜಿನಿಯರಾಗಿ ದುಡಿದ ನನಗೆ ಈ ರಿಜಿಸ್ಟರಿನ ಬೆಲೆ ಗೊತ್ತು. ನಮ್ಮ ಇಲಾಖೆಯಲ್ಲಿ ಅಳತೆ ಪುಸ್ತಕಕ್ಕೆ ಎಂ.ಬಿ. ಎನ್ನುತ್ತಿದ್ದೆವು. ಎಷ್ಟೇ ಚೆನ್ನಾಗಿ ಕಟ್ಟಿರಿ, ಎಂ.ಬಿ.ಯಲ್ಲಿ ಏರದ ಕೆಲಸಕ್ಕೆ ಬಿಲ್ ಇಲ್ಲ. ನಮ್ಮ ಧರ್ಮದ ಎಂ.ಬಿ. ಯಾವ ಸ್ಥಿತಿಯಲ್ಲಿದೆ ಎಂಬುದೇ ಈ ಸಂಚಿಕೆಯ ಪ್ರಶ್ನೆ.

ಕೆಲವು ವರ್ಷಗಳ ಹಿಂದೆ ಹೊಸದುರ್ಗ ತಾಲ್ಲೂಕಿನ ಒಂದು ಹಳ್ಳಿಯ ಮನೆಗೆ ಹೋಗಿದ್ದೆ. ದೇವರ ಗೂಡಿನಲ್ಲಿ ಕೆಂಪು ಬಟ್ಟೆಯಲ್ಲಿ ಸುತ್ತಿದ ತಾಳೆಗರಿಯ ಕಟ್ಟು ಇತ್ತು. ವಿಭೂತಿ, ಹೂವು ಏರಿಸಿದ್ದರು. ಏನಿದೆಯೋ ನೋಡೋಣ ಎಂದೆ. ಮನೆಯ ಅಜ್ಜಿ ಕೈ ಅಡ್ಡ ಇಟ್ಟರು. “ಬಿಚ್ಚಬ್ಯಾಡ ಕಣಪ್ಪ, ನಮ್ಮ ಮಾವನ ಕಾಲದಿಂದ ಹಂಗೇ ಐತೆ.” ಮಗ ಒಪ್ಪಿಸಿ ಬಟ್ಟೆ ಬಿಚ್ಚಿದರು. ನಡುವಿನ ಗರಿಗಳೆಲ್ಲ ಗೆದ್ದಲಿನ ಪಾಲಾಗಿದ್ದವು. ಮೇಲಿನ ಎರಡು, ಕೆಳಗಿನ ಮೂರು ಗರಿ ಉಳಿದಿದ್ದವು. ಅಷ್ಟು ವರ್ಷ ಪೂಜೆ ಸಂದದ್ದು ಗೆದ್ದಲಿಗೆ. ಅಜ್ಜಿ ಮಾತಾಡಲಿಲ್ಲ, ಸೆರಗಿನಿಂದ ಕಣ್ಣು ಒರೆಸಿಕೊಂಡರು. ಅವರ ಭಕ್ತಿಯಲ್ಲಿ ಕೊರತೆ ಇರಲಿಲ್ಲ. ಬಿಚ್ಚಿ ನೋಡುವುದೂ ಭಕ್ತಿಯೇ ಎಂದು ಅವರಿಗೆ ನಾವು ಯಾರೂ ಹೇಳಿರಲಿಲ್ಲ.

ಇದೇ ಬಗೆಯ ಭಕ್ತಿ ಇರುವ ಇನ್ನೊಂದು ಸಮುದಾಯ ಯಹೂದಿಗಳದ್ದು. ದೇವರ ಹೆಸರಿರುವ ಬರಹವನ್ನು ಎಸೆಯಬಾರದೆಂಬುದು ಅವರ ನಿಯಮ. ಹಾಗಾಗಿ ಕೈರೋ ನಗರದ ಬೆನ್ ಎಜ್ರಾ ಪ್ರಾರ್ಥನಾ ಮಂದಿರದ ಒಂದು ಕೋಣೆಯಲ್ಲಿ ಹಳೆಯ ಕಾಗದಗಳನ್ನೆಲ್ಲ ಶತಮಾನಗಳ ಕಾಲ ತುಂಬುತ್ತ ಬಂದರು. ಅದಕ್ಕೆ ಗೆನೀಜಾ ಎನ್ನುತ್ತಾರೆ. ಧರ್ಮಗ್ರಂಥದ ಹಾಳೆಗಳ ಜೊತೆ ಮದುವೆ ಕರಾರು, ಸಾಲದ ಚೀಟಿ, ವ್ಯಾಪಾರದ ಪತ್ರಗಳೂ ಅದರೊಳಗೆ ಸೇರಿದವು. 1896ರಲ್ಲಿ ಕೇಂಬ್ರಿಜ್‌ನ ವಿದ್ವಾಂಸ ಸಾಲಮನ್ ಶೆಕ್ಟರ್ ಅಲ್ಲಿಗೆ ಹೋಗಿ, ಆ ಧೂಳಿನಲ್ಲಿ ಕೂತು, ಸುಮಾರು 1,93,000 ಚೂರುಗಳನ್ನು ಕೇಂಬ್ರಿಜ್‌ಗೆ ತಂದರು. ಅಲ್ಲಿಂದ ಮುಂದೆ ತಲೆಮಾರುಗಳ ಕಾಲ ವಿದ್ವಾಂಸರು ಒಂದೊಂದು ಚೂರನ್ನೂ ಓದಿ, ಸಂಖ್ಯೆ ಕೊಟ್ಟು, ಪಟ್ಟಿ ಮಾಡಿದರು. ಕಸವೆಂದು ಕಾಣುವುದೂ ಪಟ್ಟಿಗೆ ಏರಿತು.

ಆ ಪಟ್ಟಿಯಲ್ಲಿ ನಮ್ಮ ನಾಡೂ ಇದೆ. ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ 1132ರ ಹೊತ್ತಿಗೆ ಮಂಗಳೂರಿನಲ್ಲಿ ನೆಲೆಸಿ, 1149ರವರೆಗೆ ಅಲ್ಲಿ ಕಂಚಿನ ಕೆಲಸ, ಮೆಣಸು, ಅಡಿಕೆಯ ವ್ಯಾಪಾರ ಮಾಡಿದ. ಅವನ ಪರವಾಗಿ ಏಡನ್‌ವರೆಗೆ ಹೋಗಿ ಬರುತ್ತಿದ್ದ ಆಳಿನ ಹೆಸರು ಬೊಮ್ಮ. ವಿದ್ವಾಂಸ ಗೊಯ್ಟೈನ್ ಆ ಪತ್ರಗಳನ್ನು ಗುರುತಿಸಿದರು. ಲೇಖಕ ಅಮಿತಾವ್ ಘೋಷ್ ಬೊಮ್ಮನ ಜಾಡು ಹಿಡಿದು ಮಂಗಳೂರಿಗೇ ಬಂದು 1992ರಲ್ಲಿ ಒಂದು ಪುಸ್ತಕ ಬರೆದರು. ಯೋಚಿಸಿ ನೋಡಿ: ಅದು ಬಸವಣ್ಣನವರ ಶತಮಾನ. ಕರಾವಳಿಯ ಒಬ್ಬ ಆಳಿನ ಹೆಸರು ಕೈರೋದ ಹಳೆಯ ಕಾಗದದಲ್ಲಿ ಉಳಿದು ಬಂದಿದೆ. ಅದೇ ಕಾಲದಲ್ಲಿ ಕಲ್ಯಾಣದಲ್ಲಿ ಸೇರಿದ್ದ ಎಷ್ಟು ಶರಣ ಶರಣೆಯರ ಬದುಕಿನ ವಿವರ ನಮ್ಮ ಕೈಯಲ್ಲಿದೆ? ಅನೇಕರದ್ದು ಅಂಕಿತ ಬಿಟ್ಟರೆ ಬೇರೇನೂ ಇಲ್ಲ.

ಯಹೂದಿ ಅಧ್ಯಯನ ಸರ್ಕಾರದ ಹಣದಿಂದ ಹುಟ್ಟಿದ್ದಲ್ಲ. 1819ರಲ್ಲಿ ಬರ್ಲಿನ್‌ನಲ್ಲಿ ಲಿಯೋಪೋಲ್ಡ್ ಜುಂಜ್ ಮತ್ತು ಕೆಲವು ಯುವಕರು ಸಂಘ ಕಟ್ಟಿ, ನಮ್ಮ ಸಾಹಿತ್ಯವನ್ನು ನಾವೇ ಶಾಸ್ತ್ರೀಯವಾಗಿ ಓದೋಣ ಎಂದರು. ಸಂಘ ಕೆಲವೇ ವರ್ಷಗಳಲ್ಲಿ ನಿಂತುಹೋಯಿತು. 1848ರಲ್ಲಿ ಜುಂಜ್ ವಿಶ್ವವಿದ್ಯಾಲಯದಲ್ಲಿ ಪೀಠ ಕೇಳಿದರೆ ಸಿಗಲಿಲ್ಲ. ಓದು ಮಾತ್ರ ನಿಲ್ಲಲಿಲ್ಲ. 1925ರಲ್ಲಿ ವಿಲ್ನಾ ನಗರದಲ್ಲಿ ಯಿವೋ ಎಂಬ ಸಂಸ್ಥೆ ಹುಟ್ಟಿತು. ಅದಕ್ಕೆ ಊರೂರಿನಿಂದ ಹಾಡು, ಗಾದೆ, ಕಾಗದ ಪತ್ರ ಕೂಡಿಸಿ ಕಳಿಸಿದವರು ಸಂಬಳವಿಲ್ಲದ ಸಾಮಾನ್ಯ ಜನ. ನಾಜಿಗಳ ಕಾಲದಲ್ಲಿ ಅಲ್ಲಿಯ ಯಹೂದಿ ಕೆಲಸಗಾರರು ಪ್ರಾಣ ಒತ್ತೆಯಿಟ್ಟು ಪುಸ್ತಕಗಳನ್ನು ಬಟ್ಟೆಯೊಳಗೆ ಬಚ್ಚಿಟ್ಟು ಸಾಗಿಸಿದರು. 1950ರಲ್ಲಿ ಬೆನ್-ಗುರಿಯನ್ ಅವರ ಮುತುವರ್ಜಿಯಿಂದ ಇಸ್ರೇಲ್‌ನಲ್ಲಿ ಇನ್ನೊಂದು ಕೆಲಸ ಶುರುವಾಯಿತು. ಲೋಕದ ಯಾವ ಗ್ರಂಥಾಲಯದಲ್ಲಿ ಹೀಬ್ರೂ ಹಸ್ತಪ್ರತಿ ಇದ್ದರೂ ಮೂಲ ಅಲ್ಲೇ ಇರಲಿ, ಫಿಲ್ಮ್ ಪ್ರತಿ ಒಂದೆಡೆ ಸೇರಲಿ ಎಂಬುದು ಅದರ ಕ್ರಮ. ಈಗ ಜೆರುಸಲೇಮಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಅವು ಒಂದೇ ಪಟ್ಟಿಯಡಿ ಸಿಗುತ್ತವೆ.

ಕೂಡುವುದಕ್ಕೂ ಅವರು ಕ್ರಮ ಮಾಡಿಕೊಂಡಿದ್ದಾರೆ. ಯಹೂದಿ ಅಧ್ಯಯನದ ವಿಶ್ವ ಸಮ್ಮೇಳನ 1947ರಲ್ಲಿ ಜೆರುಸಲೇಮಿನಲ್ಲಿ ಮೊದಲು ಸೇರಿತು. ಈಗ 4 ವರ್ಷಕ್ಕೊಮ್ಮೆ ಸೇರುತ್ತದೆ. ಅಮೆರಿಕದಲ್ಲಿ 1969ರಲ್ಲಿ ಹುಟ್ಟಿದ ವಿದ್ವಾಂಸರ ಸಂಘ ಪ್ರತಿ ವರ್ಷ ಡಿಸೆಂಬರ್‌ನಲ್ಲಿ ಸೇರುತ್ತದೆ. ಯಹೂದಿಯಲ್ಲದವರೂ ಅಲ್ಲಿ ಪ್ರಬಂಧ ಓದುತ್ತಾರೆ. ಇಸ್ರೇಲಿನ ಇಂದಿನ ರಾಜಕಾರಣದ ಬಗ್ಗೆ ಓದುಗರಲ್ಲಿ ಬೇರೆ ಬೇರೆ ಅಭಿಪ್ರಾಯ ಇರಬಹುದು, ಇರಲಿ. ಇಲ್ಲಿ ಹೇಳುತ್ತಿರುವುದು ಒಂದು ಸಮುದಾಯ ತನ್ನ ಬರಹವನ್ನು ಕಾಪಾಡಿಕೊಂಡ ಬಗೆಯನ್ನು ಮಾತ್ರ.

ನಮ್ಮಲ್ಲಿ ಯಾರೂ ದುಡಿಯಲಿಲ್ಲವೆಂದರೆ ಅದು ಕೃತಘ್ನತೆ. ವಿಜಯಪುರದ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಮನೆ ಮನೆ ತಿರುಗಿ ತಾಳೆಗರಿ ಕೂಡಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ ಹೊರತಂದರು. ಯಿವೋ ಹುಟ್ಟಿದ 1925ರಲ್ಲೇ ಅವರ ಹಿತಚಿಂತಕ ಮುದ್ರಣಾಲಯ ಹುಟ್ಟಿತು. ಅದಕ್ಕಾಗಿ ಸ್ವಂತ ಮನೆ ಮಾರಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆ ಆರಂಭಿಸಿದರು. ಮುಂದೆ ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸಮಗ್ರ ವಚನ ಸಾಹಿತ್ಯ 15 ಸಂಪುಟಗಳಲ್ಲಿ, 20,000ಕ್ಕೂ ಮಿಕ್ಕ ವಚನಗಳೊಡನೆ ಬಂತು. ಗದಗಿನ ತೋಂಟದಾರ್ಯ ಮಠದ ಲಿಂಗೈಕ್ಯ ಸಿದ್ಧಲಿಂಗ ಸ್ವಾಮಿಗಳು ಅಧ್ಯಯನ ಸಂಸ್ಥೆ ಕಟ್ಟಿ ನೂರಾರು ಪುಸ್ತಕ ಪ್ರಕಟಿಸಿದರು. ನಮ್ಮದೇ ಜಿಲ್ಲೆಯ ಸಿರಿಗೆರೆಯ ಪೂಜ್ಯರು ವಚನಗಳನ್ನು ಗಣಕಯಂತ್ರಕ್ಕೆ ತಂದರು. ಸಾಣೇಹಳ್ಳಿಯ ಶಿವಸಂಚಾರ ಶರಣರನ್ನು ರಂಗದ ಮೇಲೆ ಊರೂರಿಗೆ ಒಯ್ದಿತು.

ಆದರೆ ಇವೆಲ್ಲ ಒಬ್ಬೊಬ್ಬ ಹಿರಿಯರ, ಒಂದೊಂದು ಮಠದ ಶ್ರಮ. ಅವರ ನಂತರವೂ ತಾನಾಗಿ ನಡೆಯುವ ವ್ಯವಸ್ಥೆ ನಮ್ಮಲ್ಲಿ ದುರ್ಬಲ. 2018ರಲ್ಲಿ ಪ್ರತ್ಯೇಕ ಧರ್ಮದ ಪ್ರಶ್ನೆ ನ್ಯಾಯಮೂರ್ತಿ ನಾಗಮೋಹನ ದಾಸ್ ಸಮಿತಿಯ ಮುಂದೆ ಬಂದಾಗ ಬೇಕಾದದ್ದು ದಾಖಲೆ, ಘೋಷಣೆ ಅಲ್ಲ. ಅಂದು ನಾವು ಆತುಕೊಂಡದ್ದು ಬಹುಮಟ್ಟಿಗೆ ಆಗಲೇ ಗತಿಸಿದ್ದ ವಿದ್ವಾಂಸರ ಬೆನ್ನನ್ನು. ಮುಂದಿನ ಪ್ರಶ್ನೆ ಬಂದಾಗ ಯಾರ ಬೆನ್ನು?

ಇನ್ನೊಂದು ಕಹಿ ಮಾತನ್ನೂ ಹೇಳಬೇಕು. ಮಠಗಳ ಮೂಲಕ ಓದುಗರನ್ನು ತಲುಪುವ ಪತ್ರಿಕೆಯಾಗಿ ನಾವು ಅದನ್ನು ಹೇಳದಿದ್ದರೆ ಬೇರೆ ಯಾರು ಹೇಳಬೇಕು? ‘ಮಾರ್ಗ’ದ ಲೇಖನಗಳಿಗಾಗಿ 1989ರಲ್ಲಿ ಕಲಬುರ್ಗಿಯವರ ಮೇಲೆ ಒತ್ತಡ ತಂದು ಮಾತು ಹಿಂತೆಗೆದುಕೊಳ್ಳುವಂತೆ ಮಾಡಿದವರು ಹೊರಗಿನವರಲ್ಲ, ನಮ್ಮವರೇ. ಕುಟುಂಬದ ಕ್ಷೇಮಕ್ಕಾಗಿ ಅಂದು ಬೌದ್ಧಿಕ ಆತ್ಮಹತ್ಯೆ ಮಾಡಿಕೊಂಡೆ ಎಂಬ ನೋವು ಅವರಲ್ಲಿತ್ತು. 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಬಾಗಿಲಲ್ಲಿ ಗುಂಡಿಗೆ ಬಲಿಯಾದಾಗ ನಾವೆಲ್ಲ ಮೇಣದಬತ್ತಿ ಹಿಡಿದೆವು. 1989ರಲ್ಲಿ ಎಷ್ಟು ಜನ ಅವರ ಪಕ್ಕ ನಿಂತಿದ್ದೆವು? ಅವರ ಅಭಿಪ್ರಾಯ ತಪ್ಪಾಗಿದ್ದರೆ ಇನ್ನೊಂದು ಪ್ರಬಂಧದಿಂದ ಉತ್ತರಿಸಬಹುದಿತ್ತು. ಅನುಭವ ಮಂಟಪದ ವಾರಸುದಾರರೆಂದು ಹೇಳಿಕೊಳ್ಳುವವರು ಪ್ರಶ್ನೆಗೆ ಹೆದರಬಾರದು. ಅಲ್ಲಮಪ್ರಭುಗಳು ಪೀಠದಲ್ಲಿ ಕೂತು ಯಾರನ್ನೂ ಪ್ರಶ್ನಿಸದೆ ಬಿಟ್ಟವರಲ್ಲ.

“ಯಹೂದಿಗಳ ಹತ್ತಿರ ಹಣವಿತ್ತು, ನಮಗೆಲ್ಲಿದೆ?” ಎನ್ನುವವರಿದ್ದಾರೆ. ಜುಂಜ್ ಶ್ರೀಮಂತರಲ್ಲ, ಹಳಕಟ್ಟಿಯವರೂ ಅಲ್ಲ. ಒಂದು ದೊಡ್ಡ ಉತ್ಸವದ ಪೆಂಡಾಲು, ಫ್ಲೆಕ್ಸ್, ಶಾಲುಗಳ ಖರ್ಚಿನಲ್ಲಿ ಒಬ್ಬ ಯುವ ಸಂಶೋಧಕಿಗೆ ವರ್ಷವಿಡೀ ವೇತನ ಕೊಡಬಹುದು. ಎಸ್ಟಿಮೇಟ್ ಬರೆದು ಜೀವನ ಕಳೆದವನು ನಾನು, ಲೆಕ್ಕ ಹಾಕಿಯೇ ಹೇಳುತ್ತಿದ್ದೇನೆ.

ಆದ್ದರಿಂದ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಮಠಗಳಿಗೂ ಭಕ್ತರಿಗೂ ನಮ್ಮ ಬಿನ್ನಹ ಇಷ್ಟು.

ಒಂದನೆಯದು ಪಟ್ಟಿ. ಪ್ರತಿ ಮಠ, ಪ್ರತಿ ಹಳೆಯ ಮನೆ ತನ್ನಲ್ಲಿರುವ ತಾಳೆಗರಿ, ಕೈಬರಹದ ಪುಸ್ತಕ, ತಾಮ್ರಪಟ, ಹಳೆಯ ಕಾಗದ ಪತ್ರಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯಲಿ. ಏನು, ಯಾರದ್ದು, ಎಷ್ಟು ಗರಿ, ಯಾವ ಸ್ಥಿತಿ ಎಂಬ ನಾಲ್ಕು ಕಲಂ ಸಾಕು. ಓದಲು ಬರದಿದ್ದರೆ “ಓದಲಾಗಲಿಲ್ಲ” ಎಂದೇ ಬರೆಯಿರಿ. ನೀವೇ ಎಣ್ಣೆ ಹಚ್ಚಲು, ಉಜ್ಜಲು ಹೋಗಬೇಡಿ. ಅದು ಬಲ್ಲವರ ಕೆಲಸ.

ಎರಡನೆಯದು ಪ್ರತಿ. ಮೂಲ ನಿಮ್ಮ ಗೂಡಿನಲ್ಲೇ ಇರಲಿ, ಯಾರೂ ಕೇಳುವುದಿಲ್ಲ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಪ್ರತಿ ಗರಿಯ ಎರಡೂ ಬದಿಯ ಚಿತ್ರ ತೆಗೆದು, ಒಂದು ಪ್ರತಿ ಮಠದಲ್ಲಿ, ಇನ್ನೊಂದು ವಿಶ್ವವಿದ್ಯಾಲಯದಲ್ಲಿ ಇಡೋಣ.

ಮೂರನೆಯದು ಓದುವವರು. ಹಳೆಯ ಲಿಪಿ ಓದಬಲ್ಲವರು ದಿನೇ ದಿನೇ ಕಡಿಮೆಯಾಗುತ್ತಿದ್ದಾರೆ. ಪ್ರತಿ ತಾಲ್ಲೂಕಿನಿಂದ ಇಬ್ಬರು ಯುವಕ ಯುವತಿಯರಿಗೆ ಲಿಪಿ ಕಲಿಸುವ ಖರ್ಚನ್ನು ಮಠಗಳು ಹೊರಲಿ. ಇದೂ ದಾಸೋಹವೇ.

ನಾಲ್ಕನೆಯದು ಕೂಟ. ವರ್ಷಕ್ಕೆ ಎರಡು ದಿನ, ನಾಲ್ಕು ತಾಲ್ಲೂಕುಗಳಲ್ಲಿ ಸರದಿಯ ಮೇಲೆ ಸೇರೋಣ. ಸನ್ಮಾನ, ಮೆರವಣಿಗೆ ಬೇಡ. ಪ್ರಬಂಧ ತಿಂಗಳ ಮೊದಲೇ ಕೈಸೇರಲಿ. ಓದಿದಷ್ಟೇ ಹೊತ್ತು ಪ್ರಶ್ನೆಗೂ ಇರಲಿ. ಬೇರೆ ಧರ್ಮದ ವಿದ್ವಾಂಸರನ್ನೂ ಕರೆಯೋಣ. ಪೂಜ್ಯರು ಆಶೀರ್ವಚನ ಕೊಟ್ಟು ಹೊರಡದೆ ಕೇಳುಗರ ಸಾಲಿನಲ್ಲಿ ಕೂರಲಿ ಎಂಬುದು ನಮ್ಮ ವಿನಮ್ರ ಕೋರಿಕೆ. ನಮಗೆ ಒಪ್ಪದ ಪ್ರಬಂಧವೂ ಅಚ್ಚಾಗಲಿ, ಅದರ ಪಕ್ಕದಲ್ಲೇ ಉತ್ತರವೂ ಅಚ್ಚಾಗಲಿ.

ಬಂದ ಪಟ್ಟಿಗಳನ್ನು ತಿಂಗಳು ತಿಂಗಳೂ ಪ್ರಕಟಿಸಲು ಈ ಪತ್ರಿಕೆ ಪುಟ ಮೀಸಲಿಡುತ್ತದೆ. ಮೊದಲ ಸಾಲಿನಲ್ಲಿ ಆ ಅಜ್ಜಿಯ ಮನೆಯ ಕಟ್ಟು ಇರುತ್ತದೆ: ತಾಳೆಗರಿ, ಉಳಿದದ್ದು ಐದು, ಸ್ಥಿತಿ ಗೆದ್ದಲು ತಿಂದದ್ದು. ಎರಡನೆಯ ಸಾಲು ನಿಮ್ಮ ಮನೆಯದಾಗಲಿ. ಮುಂದಿನ ಮಳೆಗಾಲಕ್ಕೆ ಮೊದಲು ಗೂಡಿನ ಕಟ್ಟನ್ನು ಬಿಚ್ಚಿ ನೋಡಿ.