ಆದೇಶ ಒಬ್ಬರ ಕೈಯಲ್ಲಿ, ಬೀಗದ ಕೈ ಮತ್ತೊಬ್ಬರಲ್ಲಿ

ದಾಂಪತ್ಯ ಮುರಿದು ಬಿದ್ದ ಮೇಲೆ ಮನೆ ಯಾರದು ಎಂಬ ವ್ಯಾಜ್ಯದಲ್ಲಿ ತೀರ್ಪು ಅರ್ಧ ದಾರಿ ಮಾತ್ರ. ನ್ಯಾಯಾಲಯದ ಆದೇಶದ ಪ್ರತಿ ಹಿಡಿದು ಬಂದ ಮಹಿಳೆಗೆ ಬಾಗಿಲಲ್ಲಿ ಹೊಸ ಬೀಗ ಎದುರಾಗಿ, ಠಾಣೆಯಲ್ಲಿ ‘ಇದು ಸಿವಿಲ್ ವ್ಯಾಜ್ಯ’ ಎಂಬ ಉತ್ತರ ದೊರೆತರೆ, ಆ ಕಾಗದಕ್ಕೆ ಬೆಲೆ ಎಷ್ಟು?

ವಿಚ್ಛೇದನದ ವೇಳೆ ದಂಪತಿಯ ಆಸ್ತಿಯನ್ನು ಹಂಚಿಕೊಡುವ ಸಾಮಾನ್ಯ ಕಾನೂನು ಭಾರತದಲ್ಲಿಲ್ಲ. ಹಿಂದೂ ವಿವಾಹ ಕಾಯಿದೆಯ 27ನೇ ಕಲಂ ಮದುವೆಯ ಸಂದರ್ಭದಲ್ಲಿ ಇಬ್ಬರಿಗೂ ಸೇರಿ ಬಂದ ಉಡುಗೊರೆಗಳಿಗಷ್ಟೇ ಸೀಮಿತ. ಹೀಗಾಗಿ ವಾಸದ ಹಕ್ಕಿಗೆ ಮುಖ್ಯ ಆಸರೆ 2005ರ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯಿದೆ. ಆ ಹಕ್ಕು ಕ್ರಮೇಣ ವಿಸ್ತಾರಗೊಂಡಿದೆ. ಹಿಂದೆ ನಡೆದ ದೌರ್ಜನ್ಯಕ್ಕೆ ಪರಿಹಾರ ಕೇಳುವ ಹಕ್ಕು ನಂತರದ ವಿಚ್ಛೇದನದಿಂದ ಅಳಿಯದು ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು. ಅತ್ತೆ-ಮಾವನ ಹೆಸರಿನ ಮನೆಯೂ ‘ಸಹವಾಸದ ಮನೆ’ ಆಗಬಲ್ಲದು ಎಂದು 2020ರ ಅಕ್ಟೋಬರ್‌ನಲ್ಲಿ ತನ್ನದೇ 2006ರ ತೀರ್ಪನ್ನು ತಿದ್ದಿಕೊಂಡಿತು.

ಹಕ್ಕು ಬೆಳೆದಷ್ಟು ಅದನ್ನು ಜಾರಿಗೊಳಿಸುವ ಶಕ್ತಿ ಬೆಳೆಯಲಿಲ್ಲ. ಕಾಯಿದೆಯ 31ನೇ ಕಲಮಿನಡಿ ಒಂದು ವರ್ಷದವರೆಗಿನ ಸೆರೆವಾಸ, 20,000 ರೂಪಾಯಿವರೆಗಿನ ದಂಡ ಅಥವಾ ಎರಡೂ ಇರುವುದು ‘ರಕ್ಷಣಾ ಆದೇಶ’ದ ಉಲ್ಲಂಘನೆಗೆ. ಅದು 18ನೇ ಕಲಮಿನಡಿ ಹೊರಡುವ ಆದೇಶ. ಮನೆಯಿಂದ ಹೊರಹಾಕಬಾರದು, ಮತ್ತೆ ಒಳಗೆ ಬಿಡಬೇಕು ಎನ್ನುವ ವಾಸದ ಆದೇಶ ಹೊರಡುವುದು 19ನೇ ಕಲಮಿನಡಿ. ದಂಡನೆಯ ಕಲಮಿನಲ್ಲಿ ಅದರ ಹೆಸರಿಲ್ಲ. ಬೀಗ ಬದಲಿಸಿದವನ ವಕೀಲನಿಗೆ ಇಷ್ಟು ಸಾಕು. ಮತ್ತೊಂದು ತೊಡಕೂ ಇದೆ. ಪತಿಯನ್ನು ಮನೆಯಿಂದ ಹೊರಗಿರುವಂತೆ ಆದೇಶಿಸಬಹುದಾದರೂ ಯಾವುದೇ ಮಹಿಳೆಯ ವಿರುದ್ಧ ಅಂಥ ಆದೇಶ ಸಲ್ಲದು. ಮನೆ ಅತ್ತೆಯ ಹೆಸರಿಗೆ ವರ್ಗವಾದರೆ ಸೊಸೆಯ ಸ್ಥಿತಿ ಸೂಕ್ಷ್ಮವಾಗುತ್ತದೆ.

ಉತ್ತರ ಬೆಂಗಳೂರಿನ ಮನೆಯೊಂದರಲ್ಲಿ ಇಂಥದೇ ಸ್ಥಿತಿ ಎದುರಾಗಿತ್ತು. ಪತಿ ಕೊಂಡಿದ್ದ ನಿವೇಶನ ಮೊದಲು ಆತನ ತಂದೆಗೆ, ವಿಚ್ಛೇದನದ ವ್ಯಾಜ್ಯ ಆರಂಭವಾದ ಬಳಿಕ 2010ರಲ್ಲಿ ದಾನಪತ್ರದ ಮೂಲಕ ತಾಯಿಗೆ ಹೋಯಿತು. ಹಿರಿಯ ನಾಗರಿಕರ ಕಾಯಿದೆಯಡಿ 2015ರಲ್ಲಿ ಸೊಸೆಯನ್ನು ತೆರವುಗೊಳಿಸುವ ಆದೇಶ ಹೊರಟಿತು. ಹೈಕೋರ್ಟೂ ಅದನ್ನು ಎತ್ತಿಹಿಡಿಯಿತು. 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿ, ಆಕೆಯನ್ನು ಬಲವಂತದಿಂದ ಹೊರಹಾಕದಂತೆ, ಮನೆಯನ್ನು ಪರಭಾರೆ ಮಾಡದಂತೆ ಒಂದು ವರ್ಷ ತಡೆ ನೀಡಿತು. ಐದು ವರ್ಷದ ಹೋರಾಟದ ಫಲ ಒಂದು ವರ್ಷದ ಆಸರೆ, ಅದೂ ಮತ್ತೊಂದು ನ್ಯಾಯಾಲಯದ ಮೆಟ್ಟಿಲೇರಲೆಂದು.

ಸಿವಿಲ್ ದಾರಿಯೇನೂ ಹತ್ತಿರದ್ದಲ್ಲ. ಕೌಟುಂಬಿಕ ನ್ಯಾಯಾಲಯದ ಡಿಕ್ರಿಯನ್ನೂ ಸಿವಿಲ್ ಪ್ರಕ್ರಿಯಾ ಸಂಹಿತೆಯಂತೆಯೇ ಅಮಲ್ಜಾರಿ ಮಾಡಿಸಬೇಕು. ಅಮೀನ ಬಾಗಿಲು ತಟ್ಟುವಷ್ಟರಲ್ಲಿ ಮೂರನೆಯವರೊಬ್ಬರು ‘ಮನೆ ನನ್ನದು’ ಎಂದು ತಕರಾರು ಸಲ್ಲಿಸಿದರೆ ಅದರ ವಿಚಾರಣೆಯೇ ಮತ್ತೊಂದು ದಾವೆಯಾಗಿ ಬೆಳೆಯುತ್ತದೆ. ಅಮಲ್ಜಾರಿ ಅರ್ಜಿಗಳು ಆರು ತಿಂಗಳಲ್ಲಿ ಇತ್ಯರ್ಥವಾಗಬೇಕೆಂದು ಸುಪ್ರೀಂ ಕೋರ್ಟ್ ವಿಧಿಸಿದ್ದು 2021ರಲ್ಲಿ, ಬೆಂಗಳೂರಿನದೇ ಆಸ್ತಿ ವ್ಯಾಜ್ಯವೊಂದರಲ್ಲಿ. 2025ರ ಅಕ್ಟೋಬರ್‌ನಲ್ಲಿ ಅದೇ ನ್ಯಾಯಾಲಯದ ಮುಂದೆ ಬಂದ ಲೆಕ್ಕದಂತೆ ದೇಶದ ಜಿಲ್ಲಾ ಮತ್ತು ಅಧೀನ ನ್ಯಾಯಾಲಯಗಳಲ್ಲಿ ಇಂಥ 8.82 ಲಕ್ಷ ಅರ್ಜಿಗಳು ಬಾಕಿಯಿದ್ದವು. ಎಲ್ಲ ಬಗೆಯ ಡಿಕ್ರಿಗಳೂ ಅದರಲ್ಲಿ ಸೇರಿವೆ, ನಿಜ. ಆದರೆ ಆಗ ಅಂಕಿ-ಅಂಶ ಒದಗಿಸದೆ ವಿವರಣೆ ನೀಡಬೇಕಾಗಿ ಬಂದದ್ದು ಕರ್ನಾಟಕ ಹೈಕೋರ್ಟ್!

ಕಾಯಿದೆಯೊಳಗೇ ಕೆಲವು ಆಯುಧಗಳಿವೆ. ವಾಸದ ಆದೇಶದ ಜೊತೆಗೇ ಅದರ ಜಾರಿಗೆ ನೆರವಾಗುವಂತೆ ಸಮೀಪದ ಠಾಣಾಧಿಕಾರಿಗೆ ನಿರ್ದೇಶನ ನೀಡಲು 19(5)ರಲ್ಲಿ ಅವಕಾಶವಿದೆ. ಆಗ ‘ಸಿವಿಲ್ ವ್ಯಾಜ್ಯ’ ಎಂಬ ಉತ್ತರಕ್ಕೆ ಎಡೆಯಿಲ್ಲ. ಜಾರಿಯಲ್ಲಿ ನ್ಯಾಯಾಲಯಕ್ಕೆ ನೆರವಾಗುವುದು ನಿಯಮಗಳ ಪ್ರಕಾರ ಸಂರಕ್ಷಣಾಧಿಕಾರಿಯ ಕರ್ತವ್ಯ. ರಾಜ್ಯದಲ್ಲಿ ಆ ಹೊಣೆ ಬಿದ್ದಿರುವುದು ಅಂಗನವಾಡಿಗಳ ಉಸ್ತುವಾರಿಯಲ್ಲೇ ಮುಳುಗಿರುವ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಮೇಲೆ. ಇನ್ನು ಮನೆ ಮಾರಾಟದ ತಡೆಯನ್ನು 19ನೇ ಕಲಮಿನಡಿ ಮಾತ್ರವಲ್ಲ, ಆಸ್ತಿ ಪರಭಾರೆಯನ್ನು ನಿಷೇಧಿಸುವ 18ನೇ ಕಲಮಿನಡಿಯೂ ಪಡೆಯಬಹುದು. ಎರಡನೆಯದನ್ನು ಮೀರಿದರೆ ಸೆರೆವಾಸದ ಭಯವುಂಟು. ಅರ್ಜಿ ಬರೆಸುವ ದಿನವೇ ಈ ಕೋರಿಕೆ ಅದರಲ್ಲಿ ಸೇರಿರಬೇಕು. ಕ್ರಯಪತ್ರ ನೋಂದಣಿಯಾದ ಮೇಲೆ ಕೇಳಿದರೆ ಕೈಗೆ ಸಿಗುವುದು ಮತ್ತೊಂದು ವಾಯಿದೆಯ ದಿನಾಂಕ.