ಹೆಸರುಗಳ ಪಟ್ಟಿಯೂ ಒಂದು ಅಳತೆಯೇ

ಅಳತೆಯ ಫಲವನ್ನು ಬರೆಯುವಾಗ ಉಪಕರಣದ ಮಿತಿಯನ್ನೂ ಬರೆಯಬೇಕೆಂದು ನಾವು ಪ್ರಯೋಗಶಾಲೆಯಲ್ಲಿ ಕಲಿಸುತ್ತೇವೆ. ಗಣಕಜಾಲದ ಆಡಳಿತಗಾರರು ತೆಗೆಯುವ ಸದಸ್ಯರ ಪಟ್ಟಿಗೂ ಈ ನಿಯಮವು ಸಲ್ಲಬೇಕೆಂಬುದು ನಮ್ಮ ಅಭಿಪ್ರಾಯ.

ದೊಡ್ಡ ಸಂಸ್ಥೆಗಳ ಜಾಲದಲ್ಲಿ ಬಳಕೆದಾರರ ಹೆಸರುಗಳೆಲ್ಲ ಡೈರೆಕ್ಟರಿಯೆಂಬ ಕೋಶದಲ್ಲಿರುತ್ತವೆ. 2000ದಲ್ಲಿ ವಿಂಡೋಸ್‌ನೊಡನೆ ಬಂದ ಆಕ್ಟಿವ್ ಡೈರೆಕ್ಟರಿ ಇಂಥದೊಂದು. ಯಾವ ಕಡತವನ್ನು ಯಾರು ತೆರೆಯಬಹುದೆಂಬುದು ಅದರೊಳಗಿನ ಗುಂಪುಗಳನ್ನು ಅವಲಂಬಿಸಿರುವುದು. ಒಂದು ಗುಂಪು ಇನ್ನೊಂದು ಗುಂಪಿನ ಸದಸ್ಯತ್ವವನ್ನೂ ಪಡೆಯಬಹುದು, ತೊಡಕಿರುವುದು ಇಲ್ಲಿಯೇ.

ಒಂದು ಕಾಲೇಜನ್ನು ಊಹಿಸಿಕೊಳ್ಳೋಣ. ವಿದ್ಯಾರ್ಥಿಗಳ ಅಂಕಗಳನ್ನು ತಿದ್ದಬಲ್ಲ ಗುಂಪಿನಲ್ಲಿ ಇಬ್ಬರು ಗುಮಾಸ್ತರೂ 'ಪರೀಕ್ಷಾ ವಿಭಾಗ'ವೆಂಬ ಒಳಗುಂಪೂ ಇವೆಯೆನ್ನಿ. ಪಟ್ಟಿ ತೆಗೆದರೆ ಮೂರೇ ಸಾಲು. ಹಿಂದೆಯೇ ಗ್ರಂಥಾಲಯಕ್ಕೆ ವರ್ಗವಾದ ನೌಕರನೊಬ್ಬನ ಹೆಸರು ಒಳಗುಂಪಿನಲ್ಲಿ ಉಳಿದಿದ್ದರೆ ಅದು ಕಾಣದು. ಆದರೆ ಅವನ ಅಧಿಕಾರ ಹಾಗೆಯೇ ಇರುವುದು. ಪವರ್‌ಶೆಲ್‌ನ 'ಗೆಟ್-ಎಡಿಗ್ರೂಪ್‌ಮೆಂಬರ್' ಆಜ್ಞೆಗೆ 'ರಿಕರ್ಸಿವ್' ಎಂದು ಸೇರಿಸಿ ಕೇಳಿದರೆ ಒಳಗುಂಪಿನ ಹೆಸರುಗಳೂ ಹೊರಬರುತ್ತವೆ.

ಇನ್ನೊಂದು ಮಿತಿಯೂ ಉಂಟು. ಬೇರೆ ತಂತ್ರಾಂಶದಿಂದ ಕೋಶವನ್ನು ನೇರವಾಗಿ ಕೇಳಿದಾಗ, ಸಾಮಾನ್ಯವಾಗಿ ಅದು ಒಂದು ಗುಂಪಿನ 1500 ಸದಸ್ಯರನ್ನಷ್ಟೇ ಒಮ್ಮೆಗೆ ತಿಳಿಸುವುದು. ಉಳಿದವರನ್ನು ಮತ್ತೆ ಕೇಳಿ ಪಡೆಯಬೇಕು.

ಆದುದರಿಂದ ಪ್ರತಿಯೊಂದು ಪಟ್ಟಿಯ ಮೇಲೂ ತೆಗೆದ ದಿನಾಂಕವನ್ನೂ ಕೇಳಿದ ಬಗೆಯನ್ನೂ ನಮೂದಿಸಬೇಕು. ಅನಂತರ ವಿಭಾಗದ ಮುಖ್ಯಸ್ಥರು ಅದನ್ನು ಹೆಸರು ಹೆಸರಾಗಿ ಓದಿ ಒಪ್ಪಬೇಕು. ಪಟ್ಟಿ ತೆಗೆಯುವುದನ್ನು ಆಡಳಿತಗಾರರು ಬಲ್ಲರು. ಯಾರು ಅದರಲ್ಲಿರಬೇಕೆಂಬುದನ್ನು ವಿಭಾಗದವರೇ ಬಲ್ಲರು.